ನಾಲ್ಕು ರಾತ್ರಿ ಸಾಲದು

ಮಂಕು ನಕ್ಷತ್ರಗಳನ್ನು ವರ್ಷಗಟ್ಟಲೆ ನೋಡುವುದು ದಂಡ, ನಾಲ್ಕು ರಾತ್ರಿ ಸಾಕು ಎಂದಿದ್ದಾರೆ ನಿಮ್ಮ ಪತ್ರಿಕೆಯ ಲೇಖಕರೊಬ್ಬರು. ಖಂಡಿತ ಒಪ್ಪಲಾರೆ.

ಮೇ ತಿಂಗಳ ರಾತ್ರಿ ಹತ್ತೂವರೆಗೆ ನಮ್ಮೂರು ನರಿಮೊಗರಿನ ಅಡಕೆ ತೋಟದಾಚೆ, ದಕ್ಷಿಣದಲ್ಲಿ ತಗ್ಗಾಗಿ ಆಲ್ಫಾ ಸೆಂಟಾರಿ ಹೊಳೆಯುತ್ತದೆ. ಅದರ ಬಳಿಯ ಪ್ರಾಕ್ಸಿಮಾ ಬರಿಗಣ್ಣಿಗೆ ಕಾಣದು. 4.24 ಜ್ಯೋತಿರ್ವರ್ಷ ದೂರದ ಕೆಂಪು ಕುಬ್ಜ ಅದು. ಅದರ ಒಡಲೆಲ್ಲ ಕುದಿಯುವ ಎಸರಿನಂತೆ ಹೊರಳುತ್ತದೆ. ಸೂರ್ಯನೊಳಗಿನಂತೆ ಪದರಗಳ ಗಡಿಯಿಲ್ಲ. ಹಾಗಾಗಿ ಸೂರ್ಯನ 11 ವರ್ಷದಂಥ ಕಾಂತೀಯ ಚಕ್ರ ಅಲ್ಲಿರಲಾರದೆಂದು ಅನೇಕರು ಎಣಿಸಿದ್ದರು. ಆದರೆ ಹಲವು ವರ್ಷಗಳ ಅಳತೆ ಜೋಡಿಸಿದಾಗ, 2016–17ರಲ್ಲಿ, ಸುಮಾರು 7 ವರ್ಷದ ಚಕ್ರದ ಸುಳಿವು ಸಿಕ್ಕಿತು. ಆ ನಕ್ಷತ್ರ ಒಂದು ಸುತ್ತು ತಿರುಗಲಿಕ್ಕೇ ಮೂರು ತಿಂಗಳು ಬೇಕು. ನಾಲ್ಕು ರಾತ್ರಿಯಲ್ಲಿ ಏನು ತಿಳಿದೀತು?

ನಮ್ಮೂರ ಕಡೆ ದಿನಾ ಬೆಳಗ್ಗೆ ಮಳೆಮಾಪಕದ ನೀರು ಅಳೆದು ಡೈರಿಯಲ್ಲಿ ಬರೆಯುವ ಕೃಷಿಕರಿದ್ದಾರೆ. ಒಂದು ವಾರದ ಲೆಕ್ಕ ಹಿಡಿದು ಅವರಾರೂ ಮಳೆಗಾಲದ ಗುಣ ಹೇಳರು. ಆಕಾಶದ ಲೆಕ್ಕವೂ ಹಾಗೆಯೇ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷ ಮೀರಿದ ಸೂರ್ಯನ ಚಿತ್ರಗಳಿವೆ. ಮೊದಲ ಫಲಕಗಳನ್ನು ತೆಗೆದವರು ಈಗಿಲ್ಲ, ಅವುಗಳ ಮೇಲೆ ಸಂಶೋಧನೆ ಇಂದೂ ನಡೆದಿದೆ. ದಯವಿಟ್ಟು ಇಂಥ ದಾಖಲೆಯನ್ನು ದಂಡ ಎನ್ನಬೇಡಿ.