ಎಂ.ಡಿ. ಮುಗೀತು, ದವಾಖಾನೆ ಯಾವಾಗ?

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಬಸ್ಸು ಹತ್ತಿದರೆ ಕಮಲಾಪುರ ಬರುವ ತನಕ ಮಾತಿಗೆ ಬರವಿಲ್ಲ. ಮೊನ್ನೆ ಮಾತು ಡಾಕ್ಟರರ ಮೇಲೆ ಹೊರಳಿತು. "ನಮ್ಮ ಅಳಿಯ ಎಂ.ಡಿ. ಮುಗಿಸ್ಯಾನ್ರಿ. ಊರಾಗ ದವಾಖಾನಿ ಹಾಕಪಾ ಅಂದ್ರ, ಇನ್ನಾ ಕಾಗದ ಬಂದಿಲ್ಲ ಮಾಮಾ ಅಂತಾನ. ಇಷ್ಟು ಓದಿದ ಮ್ಯಾಲ ಇನ್ಯಾವ ಕಾಗದ?" ಎಂದು ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ಕೇಳಿದರು. ಇಡೀ ಬಸ್ಸಿನಲ್ಲಿ ಉತ್ತರ ಹೇಳುವವರಿರಲಿಲ್ಲ.

ಕಾಗದ ಒಂದಲ್ಲ, ಮೂರು ಕಡೆಯವು. ಎಂಬಿಬಿಎಸ್ ಎಂದರೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಎಂ.ಡಿ. ಮತ್ತೆ ಮೂರು ವರ್ಷ. ಆ ಮೂರು ವರ್ಷ ಹಗಲು ರಾತ್ರಿ ವಾರ್ಡಿನಲ್ಲೇ ಇದ್ದು ದುಡಿಯುವ ರೆಸಿಡೆಂಟ್ ಡಾಕ್ಟರನಿಗೆ ಕಡೆಗೆ ವಿಶ್ವವಿದ್ಯಾಲಯ ಕೊಡುವುದು ಪದವಿ ಮಾತ್ರ. ರೋಗಿಯ ಕೈ ಹಿಡಿದು ನಾಡಿ ನೋಡುವ ಹಕ್ಕು ಕೊಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. ಅಲ್ಲಿ ಹೆಸರು ನೋಂದಾಯಿಸಬೇಕು, ಎಂ.ಡಿ. ಆದ ಮೇಲೆ ಅದನ್ನೂ ಹೆಚ್ಚುವರಿ ಅರ್ಹತೆ ಎಂದು ಏರಿಸಿಕೊಳ್ಳಬೇಕು. ಹೆಸರಿಲ್ಲದೆ ವೈದ್ಯಕೀ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೆ ಐದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

ಎರಡನೆಯದೇ ದೊಡ್ಡ ಗಂಟು. ಎಂಬಿಬಿಎಸ್ ಆಗಲಿ, ಎಂ.ಡಿ. ಆಗಲಿ, ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಮಾಡಲೇಬೇಕೆಂದು ರಾಜ್ಯ ಸರಕಾರ 2012ರಲ್ಲಿ ಕಾಯ್ದೆ ಮಾಡಿತು. ಜಾರಿಗೆ ಬಂದದ್ದು 2015ರಲ್ಲಿ. ಸೇವೆ ಮುಗಿಯುವ ತನಕ ನೋಂದಣಿ ತಾತ್ಕಾಲಿಕ, ಮುಗಿದ ಮೇಲೆ ಪಕ್ಕಾ. ತಪ್ಪಿಸಿಕೊಂಡರೆ ಲಕ್ಷಗಟ್ಟಲೆ ದಂಡ. ಡಾಕ್ಟರರು ಕೋರ್ಟಿನ ಮೆಟ್ಟಿಲು ಹತ್ತಿದರು. ಹಲವು ರಾಜ್ಯಗಳ ಇಂಥ ಸೇವಾ ಬಾಂಡುಗಳನ್ನು ಸುಪ್ರೀಂ ಕೋರ್ಟ್ 2019ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು.

ಕಾಯ್ದೆಯ ಉದ್ದೇಶಕ್ಕೆ ನಮ್ಮ ತಕರಾರಿಲ್ಲ. ತಕರಾರು ಲೆಕ್ಕದ್ದು. 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದಾಗ ಈ ಊರಿಗೆ ಅದೊಂದೇ. ಈಗ ಖಾಜಾ ಬಂದಾನವಾಜ್, ಜಿಮ್ಸ್, ಇ.ಎಸ್.ಐ. ಸೇರಿ ನಾಲ್ಕು. ರಾಜ್ಯದ ತುಂಬಾ ಹೀಗೇ. ಓದಿ ಹೊರಬರುವವರು ಹೆಚ್ಚು, ಸರಕಾರದ ಹತ್ತಿರ ಖಾಲಿ ಕುರ್ಚಿ ಕಡಿಮೆ. ಕುರ್ಚಿ ಸಿಗದವನು ಸೇವೆಯೂ ಮಾಡುವಂತಿಲ್ಲ, ಪಕ್ಕಾ ನೋಂದಣಿಯೂ ಇಲ್ಲ. ಅಂಗಡಿ ಲೈಸೆನ್ಸ್ ಬೇಕಾದರೆ ಮೊದಲು ಸರಕಾರಿ ಅಂಗಡಿಯಲ್ಲಿ ದುಡಿ ಅಂದು, ಆ ಸರಕಾರಿ ಅಂಗಡಿಗೇ ಕೀಲಿ ಹಾಕಿದಂತೆ. 2023ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ತಿದ್ದುಪಡಿ ತಂದ ಮೇಲೆ ಖಾಲಿ ಹುದ್ದೆ ಎಷ್ಟೋ ಅಷ್ಟೇ ಮಂದಿಗೆ ಸೇವೆ, ಉಳಿದವರಿಗೆ ಬಿಡುಗಡೆ.

ಡಾಕ್ಟರರಿಗೆ ಇದು ನ್ಯಾಯವೇ. ಆದರೆ ಕಮಲಾಪುರದ ಮಂದಿ ಒಂದು ಮಾತು ಕೇಳಬೇಕು: ಖಾಲಿ ಎಂದರೆ ಯಾವುದು? ಗುತ್ತಿಗೆಯ ಮೇಲೆ ಒಬ್ಬರು ಕೂತ ಕುರ್ಚಿ ಖಾಲಿಯೋ, ಭರ್ತಿಯೋ? ಹುದ್ದೆಯೇ ಮಂಜೂರಾಗದ ಕಡೆ ಖಾಲಿ ಎಂಬ ಮಾತೇ ಹುಟ್ಟುವುದಿಲ್ಲ. ತಾಲೂಕು ಅಂತ ಬೋರ್ಡು ಬಿದ್ದ ದಿನವೇ ತಾಲೂಕಿಗೆ ತಕ್ಕ ತಜ್ಞರೂ ಬರುತ್ತಾರೆಂದು ನಂಬುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಪಾಪ.

ತಜ್ಞರ ವಿಷಯ ಇನ್ನೂ ಸೂಕ್ಷ್ಮ. ಹೆರಿಗೆ ಕಷ್ಟವಾಗಿ ಹೊಟ್ಟೆ ಕೊಯ್ಯಬೇಕಾದರೆ ಹೆರಿಗೆ ಡಾಕ್ಟರ್ ಒಬ್ಬರೇ ಸಾಲದು. ಅರಿವಳಿಕೆ ಕೊಡುವವರು ಬೇಕು, ಕೂಸು ನೋಡುವವರು ಬೇಕು, ರಕ್ತ ಬೇಕು. ಮೂವರಲ್ಲಿ ಒಬ್ಬರು ಇಲ್ಲದಿದ್ದರೆ ಉಳಿದಿಬ್ಬರ ಎಂ.ಡಿ. ಗೋಡೆಯ ಮೇಲಿನ ಪಟ. ಬಾಣಂತಿಯಾಗಬೇಕಾದವಳು ಆಂಬುಲೆನ್ಸಿನಲ್ಲಿ ನರಳುತ್ತ ಕಲಬುರಗಿಗೇ ಬರಬೇಕು. ಒಬ್ಬೊಬ್ಬರನ್ನೇ ಒಂದೊಂದು ಊರಿಗೆ ಚದುರಿಸಿ ಹುದ್ದೆ ತುಂಬಿತು ಎಂದು ಬರೆದುಕೊಂಡರೆ ಫೈಲು ತುಂಬೀತು. ಒಂದೇ ವರ್ಷಕ್ಕೆ ಬರುವ ಡಾಕ್ಟರರನ್ನಾದರೂ ಜೋಡಿಸಿ ಕಳಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಮೂರನೆಯ ಕಾಗದ ದವಾಖಾನೆಯದು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಒಂದೇ ಕೋಣೆಯ ಕ್ಲಿನಿಕ್ಕಾದರೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಸೂಜಿ, ಹತ್ತಿ, ರಕ್ತದ ಬಟ್ಟೆ ಎಲ್ಲಿಗೆ ಹೋಗುತ್ತವೆಂಬುದಕ್ಕೂ ಕರಾರು ತೋರಿಸಬೇಕು. ನೋಂದಣಿ ಸಂಖ್ಯೆ ಬೋರ್ಡಿನ ಮೇಲೆ ಕಾಣಬೇಕು. ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡೆಂದು 2024ರಲ್ಲಿ ಆದೇಶವೂ ಆಗಿದೆ.

ಓದಿದ ಹುಡುಗ ಇಷ್ಟೆಲ್ಲ ಬಾಗಿಲು ತಟ್ಟುವಾಗ, ಹಳ್ಳಿಯಲ್ಲಿ ಏನೂ ಓದದವನು ಒಂದು ಸ್ಟೆತಸ್ಕೋಪು, ಒಂದು ಸಲೈನ್ ಬಾಟಲಿ ಇಟ್ಟುಕೊಂಡು ಸಂಜೆಯೊಳಗೆ 'ಡಾಕ್ಟರ್ ಸಾಬ್' ಆಗಿರುತ್ತಾನೆ. ಅವನಿಗೆ ಪರಿಷತ್ತೂ ಇಲ್ಲ, ಬಾಂಡೂ ಇಲ್ಲ. ರಾತ್ರಿ ಹತ್ತಕ್ಕೂ ಬಾಗಿಲು ತೆರೆಯುತ್ತಾನೆ, ಉದ್ರಿಯೂ ಕೊಡುತ್ತಾನೆ. ಮಂದಿ ಹೋಗುವುದು ಅದಕ್ಕೇ. ದಾಳಿ ನಡೆದಾಗ ಶಟರ್ ಇಳಿಯುತ್ತದೆ, ಆಮೇಲೆ ಪಕ್ಕದ ಊರಿನಲ್ಲಿ ಏಳುತ್ತದೆ. ಚೀಟಿಯ ಮೇಲೆ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳುವುದಕ್ಕೆ ರೊಕ್ಕ ಬೀಳುವುದಿಲ್ಲ.

ಕಮಲಾಪುರ ಬಂತು. ವ್ಯಾಪಾರಿ ಖಾಲಿ ಬುಟ್ಟಿ ಎತ್ತಿಕೊಂಡು ಇಳಿದರು. ಅವರ ಅಳಿಯನಿಗೆ ಇಷ್ಟು ಹೇಳಿ ಕಳಿಸಿದ್ದೇವೆ: ಈ ಸಲದ ಹುದ್ದೆ ಪಟ್ಟಿಯಲ್ಲಿ ನಿನ್ನ ಹೆಸರು ಬಂತೋ, ಬಿಡುಗಡೆ ಆಯಿತೋ ನೋಡು. ಎಂ.ಡಿ.ಯನ್ನು ಪರಿಷತ್ತಿನಲ್ಲಿ ಏರಿಸು. ಬಾಡಿಗೆ ಮಳಿಗೆಗೆ ಅಡ್ವಾನ್ಸ್ ಕೊಡುವುದು ಅದರ ನಂತರ.