ವಿವಾಹ ಮುರಿದರೂ ಮುರಿಯದ ಹೊಣೆ

ಮಗಳನ್ನು ಪರದೇಶಕ್ಕೆ ಕೊಡುವ ಕುಟುಂಬಗಳು ಇಂದು ಮಹಾನಗರಗಳಲ್ಲಿ ಮಾತ್ರ ಇಲ್ಲ. ದಾವಣಗೆರೆ, ಹರಿಹರಗಳಲ್ಲಿಯೂ, ಹೆದ್ದಾರಿಯ ಬದಿಯ ನಮ್ಮ ಆನಗೋಡಿನಂತಹ ಊರುಗಳಲ್ಲಿಯೂ ಅಂತಹ ಸಂಬಂಧಗಳ ಮಾತು ಕೇಳಿಬರುತ್ತದೆ. ವರನ ಉದ್ಯೋಗ, ಸಂಬಳ, ಮನೆತನ ಎಲ್ಲವನ್ನೂ ವಿಚಾರಿಸುವ ಹಿರಿಯರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ನಮ್ಮ ಹುಡುಗಿ ಯಾವ ವೀಸಾದ ಮೇಲೆ ಹೋಗುತ್ತಾಳೆ, ಅಲ್ಲಿನ ಕಾನೂನಿನ ಮುಂದೆ ಅವಳ ಪೋಷಣೆಯ ಹೊಣೆ ಹೊತ್ತವರು ಯಾರು? ಈ ವಾರ ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಅಮೆರಿಕದ ಪೌರನಾಗಲಿ, ಗ್ರೀನ್ ಕಾರ್ಡ್ ಪಡೆದವನಾಗಲಿ ಪತ್ನಿಯನ್ನು ಕಾಯಂ ವಾಸಕ್ಕೆ ಕರೆಸಿಕೊಳ್ಳುವಾಗ ಐ-864 ಎಂಬ ಅಫಿಡವಿಟ್ಟಿಗೆ ಸಹಿ ಹಾಕಬೇಕು. 1996ರ ವಲಸೆ ಕಾನೂನಿನಿಂದ ಬಂದ ಈ ಪತ್ರ 1997ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಪತ್ನಿಯ ಆದಾಯ ಸರಕಾರ ಗೊತ್ತುಪಡಿಸಿದ ಬಡತನದ ರೇಖೆಯ ಶೇಕಡಾ 125ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವೆನೆಂಬ ಕರಾರು ಅದು. 2025ರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 19,560 ಡಾಲರ್. ಅವಳು ಅಲ್ಲಿನ ಪೌರಳಾದರೆ, ಸುಮಾರು ಹತ್ತು ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಸೇರಿದರೆ, ಕಾಯಂ ವಾಸದ ಹಕ್ಕು ಬಿಟ್ಟು ದೇಶ ತೊರೆದರೆ, ಇಲ್ಲವೆ ಇಬ್ಬರಲ್ಲೊಬ್ಬರು ತೀರಿಕೊಂಡರೆ ಹೊಣೆ ಮುಗಿಯುತ್ತದೆ. ಈ ಪಟ್ಟಿಯಲ್ಲಿ ವಿಚ್ಛೇದನ ಇಲ್ಲ. ಮಾತು ತಪ್ಪಿದವನ ಮೇಲೆ ಅವಳೇ ದಾವೆ ಹೂಡಬಹುದು. ಕೆಲಸ ಹುಡುಕದ ಮಾಜಿ ಪತ್ನಿಗೆ ಹಣ ಕೊಡಬೇಕಿಲ್ಲವೆಂಬ ವಾದವನ್ನು 2012ರಲ್ಲಿ ಚಿಕಾಗೋದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಚೀನಾದಿಂದ ಬಂದಿದ್ದ ಮಹಿಳೆಯೊಬ್ಬರ ಪರವಾಗಿ ತೀರ್ಪಿತ್ತಿತು.

ಆದರೆ ಈ ರಕ್ಷೆಗೆ ಮಿತಿಗಳಿವೆ. ಉದ್ಯೋಗದ ವೀಸಾದಲ್ಲಿರುವ ಇಂಜಿನಿಯರನ ಜೊತೆ ಎಚ್-4 ವೀಸಾದ ಮೇಲೆ, ಅವಲಂಬಿತಳಾಗಿ ಹೋದವಳಿಗೆ ಇಂತಹ ಪತ್ರವೇ ಇರುವುದಿಲ್ಲ. ನೊಂದು, ಗ್ರೀನ್ ಕಾರ್ಡನ್ನೂ ಬಿಟ್ಟು ತವರಿಗೆ ಮರಳಿದವಳಿಗೆ ಮುಂದಿನ ದಿನಗಳ ಪೋಷಣೆಯ ಹಕ್ಕು ಉಳಿಯುವುದಿಲ್ಲ. ಸಿಟ್ಟಿನಲ್ಲಿ ವಿಮಾನ ಹತ್ತುವ ಮೊದಲು ಅಲ್ಲಿನ ವಕೀಲರೊಬ್ಬರನ್ನು ಕಾಣುವುದು ಲೇಸು.

ಮರಳಿ ಬಂದವಳು ದಿಕ್ಕಿಲ್ಲದವಳೇನೂ ಅಲ್ಲ. ಹಿಂದೆ 125ನೆಯ ಕಲಮಿನಲ್ಲಿದ್ದ ಜೀವನಾಂಶದ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ತಾನು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ವಿವಾಹಕ್ಕೆ ಅನ್ವಯಿಸುವ ಕಾನೂನನ್ನು ಮೀರಿ, ಪತ್ನಿ ಸ್ವಇಚ್ಛೆಯಿಂದ ಒಳಪಡದ ಪರದೇಶದ ನ್ಯಾಯಾಲಯ ಕೊಟ್ಟ ವಿಚ್ಛೇದನಕ್ಕೆ ಇಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಹೇಳಿದೆ. ಕಷ್ಟವಿರುವುದು ವಸೂಲಿಯಲ್ಲಿ. ಗಂಡನ ಸಂಬಳವೂ ಆಸ್ತಿಯೂ ಕಡಲಾಚೆ ಇದ್ದರೆ ಇಲ್ಲಿನ ಆದೇಶದ ಕೈ ಅಲ್ಲಿಗೆ ಸುಲಭವಾಗಿ ಚಾಚುವುದಿಲ್ಲ. ಅನಿವಾಸಿಗಳ ಪತ್ನಿಯರಿಗಾಗಿ ಶಾಸನದ ಅಗತ್ಯವನ್ನು 1994ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. 2019ರಲ್ಲಿ ರಾಜ್ಯಸಭೆಯಲ್ಲಿ ಮಸೂದೆಯೊಂದು ಮಂಡನೆಯಾಯಿತು. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ಸಮಗ್ರ ಕಾನೂನು ಬೇಕೆಂದು ಮತ್ತೆ ಹೇಳಬೇಕಾಯಿತು. ಮೂವತ್ತು ವರ್ಷಗಳ ಈ ವಿಳಂಬದ ಬೆಲೆಯನ್ನು ತೆತ್ತವರು ಹೆಣ್ಣುಮಕ್ಕಳು.

ಸಂಬಂಧವೇ ಇಲ್ಲದ ಮೇಲೆ ಹಣವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಸಂಗತವಲ್ಲ, ದಾಂಪತ್ಯ ಮುರಿಯಲು ಗಂಡನೊಬ್ಬನೇ ಕಾರಣನೆಂದು ಎಲ್ಲ ಸಂದರ್ಭದಲ್ಲಿಯೂ ಹೇಳಲಾಗದು. ಆದರೆ ದಾನ ಬೇರೆ, ಋಣ ಬೇರೆ. ದಾನವು ಕೊಡುವವನ ಮನಸ್ಸಿಗೆ ಬಿಟ್ಟದ್ದು. ಕೊಟ್ಟ ಮಾತನ್ನು ನಂಬಿ ಇನ್ನೊಬ್ಬಳು ಕೆಲಸ, ತವರು, ನಾಡು ಬಿಟ್ಟು ಬಂದಾಗ ಆ ಮಾತು ಋಣವಾಗುತ್ತದೆ. ಮನಸ್ಸು ಬದಲಾದ ಮಾತ್ರಕ್ಕೆ ಋಣ ತೀರುವುದಿಲ್ಲ. ಧರ್ಮಸಭೆಯೂ ಇದನ್ನು ಬಲ್ಲದು. ವಿವಾಹ ಅಸಿಂಧುವೆಂದು ತೀರ್ಪು ನೀಡುವಾಗಲೂ, ಪರಸ್ಪರರ ಹಾಗೂ ಮಕ್ಕಳ ಪೋಷಣೆಯ ನೈತಿಕ, ನಾಗರಿಕ ಹೊಣೆಗಳನ್ನು ಇಬ್ಬರಿಗೂ ನೆನಪಿಸಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 1691ನೆಯ ನಿಯಮ ವಿಧಿಸುತ್ತದೆ.

ಆದುದರಿಂದ ಹೆತ್ತವರಲ್ಲಿ ನಮ್ಮ ಅರಿಕೆ ಇಷ್ಟೆ. ನಿಶ್ಚಿತಾರ್ಥಕ್ಕೆ ಮುನ್ನ ವೀಸಾ ಯಾವುದೆಂದು ಕೇಳಿರಿ. ವಿವಾಹದ ನೋಂದಣಿ ಪತ್ರ, ವರನ ಪಾಸ್‌ಪೋರ್ಟಿನ ಪ್ರತಿ, ಅಲ್ಲಿನ ವಿಳಾಸ, ಸಹಿಯಾದ ಅಫಿಡವಿಟ್ ಇದ್ದರೆ ಅದರ ಪ್ರತಿ, ಇವುಗಳ ಒಂದು ಕಟ್ಟು ತವರಿನಲ್ಲಿರಲಿ. ಹೀಗೆ ಕೇಳುವುದು ಅಳಿಯನಿಗೆ ಮಾಡುವ ಅವಮಾನವಲ್ಲ. ಪ್ರಾಮಾಣಿಕನಾದವನು ಸಂತೋಷದಿಂದಲೇ ಕೊಡುವನು. ಕೊಡಲು ಹಿಂಜರಿಯುವವನ ವಿಷಯದಲ್ಲಿ ಎರಡು ಬಾರಿ ಯೋಚಿಸಲು ಆಗ ಇನ್ನೂ ಕಾಲವಿರುತ್ತದೆ.