ಸಣ್ಣಕತೆ ಕಿವಿಗೂ ಒದಗಲಿ



ಸಣ್ಣಕತೆಯನ್ನು ಯಾರಾದರೂ ಓದುತ್ತಿದ್ದರೆ ಕೂತು ಕೇಳುವ ಸುಖ ಮೊಬೈಲಿನ ದೆಸೆಯಿಂದ ಈಗ ಅನೇಕರಿಗೆ ದಕ್ಕುತ್ತಿದೆ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳುತ್ತ ಬಂದ ನಾಡಿಗೆ ಇದು ಹೊಸತೇನಲ್ಲ.

ಮಾಸ್ತಿಯವರ ‘ರಂಗಪ್ಪನ ಮದುವೆ’ಯನ್ನೇ ನೋಡಿ. ನಿರೂಪಕ ಎದುರಿಗೆ ಕೂತವರೊಡನೆ ಹರಟುವಂತೆ ಹೊಸಹಳ್ಳಿಯನ್ನು ಬಣ್ಣಿಸುತ್ತಾನೆ. ಅಲ್ಲಿನ ಮಾವಿನಕಾಯಿಯ ಹುಳಿಯನ್ನೂ ಬಿಡುವುದಿಲ್ಲ. ಓದುವವರು ಆ ಜಾಗದಲ್ಲಿ ಅರೆಗಳಿಗೆ ತಡೆದರೆ ಸಾಕು, ಕೇಳುವವರಿಗೆ ನಗು ತಾನಾಗಿ ಬರುತ್ತದೆ. ದೇವನೂರ ಮಹಾದೇವ, ಬೆಸಗರಹಳ್ಳಿ ರಾಮಣ್ಣ ಅವರ ಕತೆಗಳಲ್ಲಿ ಈ ಲಾಭ ಇನ್ನೂ ಹೆಚ್ಚು. ನಂಜನಗೂಡು, ಮಂಡ್ಯ ಸೀಮೆಯ ಆಡುಮಾತನ್ನು ಅಚ್ಚಿನಲ್ಲಿ ಕಂಡು ಬೀದರ್, ಕಾರವಾರದ ಓದುಗರು ತಡವರಿಸಬಹುದು. ಅದನ್ನೇ ಆ ಆಡುಮಾತಿನ ಸೀಮೆಯವರು ಓದಿದರೆ ದನಿಯ ಏರಿಳಿತವೇ ಅರ್ಥ ಬಿಡಿಸಿಕೊಡುತ್ತದೆ.

ದೃಷ್ಟಿದೋಷವುಳ್ಳವರಿಗಂತೂ ಇದು ಹಕ್ಕಿನ ಪ್ರಶ್ನೆ. ಅವರಿಗಾಗಿ ಪುಸ್ತಕಗಳನ್ನು ಧ್ವನಿರೂಪಕ್ಕೆ ತರಲು 2012ರ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ್ರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ಕಾನೂನು ಇದೆ, ಕೆಲಸ ಸಾಲದು.

1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕತೆಗಳಿಗೆ ಈಗ ಕೃತಿಸ್ವಾಮ್ಯದ ತೊಡಕಿಲ್ಲ. ಅವರ ‘ಕಮಲಾಪುರದ ಹೋಟ್ಲಿನಲ್ಲಿ’ ಕತೆಯಿಂದಲೇ ಶುರುಮಾಡಬಹುದು. ಸಾರ್ವಜನಿಕ ಗ್ರಂಥಾಲಯಗಳು, ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ಸೀಮೆಯ ಲೇಖಕರ ಕತೆಗಳನ್ನು ಅಲ್ಲಿಯವರಿಂದಲೇ ಓದಿಸಿ, ಧ್ವನಿಮುದ್ರಿಸಿ ಉಚಿತವಾಗಿ ಒದಗಿಸಲಿ. ತಮ್ಮ ಪತ್ರಿಕೆಯೂ ವಾರಕ್ಕೊಂದು ಕತೆಯನ್ನು ಓದುಗರಿಗೆ ಕೇಳಿಸುವ ಮನಸ್ಸು ಮಾಡಬೇಕೆಂದು ವಿನಂತಿ.

– ಒಬ್ಬ ಓದುಗ, ಮೈಸೂರು